ಎರಡು ಹೊಲ, ಒಂದು ಪೀಪಾಯಿ

ನಮ್ಮ ಮನೆಯಲ್ಲಿ ವೈನು ತಯಾರಾಗುತ್ತಿತ್ತು. ಕುಡಿಯುವವರು ಮಾತ್ರ ಯಾರೂ ಇರಲಿಲ್ಲ. ಹಣೆಯ ಮೇಲೆ ವಿಭೂತಿ ಕಾಣದಿದ್ದರೆ ಅಡಿಗೆಮನೆಯಲ್ಲಿ ಒಂದು ಲೋಟ ನೀರೂ ಸಿಗದ ಮನೆ ಅದು. ಅಂಥ ಮನೆಯ ಹಿಂದಿನ ಕೊಟ್ಟಿಗೆಯಿಂದ ಎಮ್ಮೆಗಳನ್ನು ಪಕ್ಕದ ಚಪ್ಪರಕ್ಕೆ ವರ್ಗಾಯಿಸಿ, ಗೋಡೆಗೆ ಸುಣ್ಣ ಬಳಿಸಿ, ನೆಲಕ್ಕೆ ಸಿಮೆಂಟು ಹಾಕಿಸಿ, ಇದು ಇನ್ನು ಮುಂದೆ ವೈನರಿ ಎಂದು ಅಪ್ಪ ಘೋಷಿಸಿದಾಗ ಅಪ್ಪನ ತಾಯಿ, ಅಂದರೆ ನನ್ನ ಅಜ್ಜಿ, ಮಾತು ಬಿಟ್ಟಳಂತೆ. ಎಮ್ಮೆಗಳೂ ಕೆಲವು ದಿನ ಹಾಲು ಕಡಿಮೆ ಮಾಡಿದವಂತೆ. ಎಮ್ಮೆಗಳು ಬೇಗ ರಾಜಿಯಾದವು. ಅಜ್ಜಿಗೆ ತಡವಾಗಿ ಮಾತು ಬಂತು, ಬಂದಾಗ ಅದು ಕಾನೂನಾಗಿಯೇ ಬಂತು.

"ಕೊಟ್ಟಿಗೇಲಿ ನೀವು ಅದಕ್ಕೆ ಏನಾರ ಅನ್ಕಳ್ರಿ. ಹೊಸ್ತಿಲ ಒಳಗೆ ಅದರ ಹೆಸರು ಅರಿಷ್ಟ. ಅಷ್ಟೇ."

ಹೀಗಾಗಿ ಹಿತ್ತಲ ಬಾಗಿಲ ಹೊಸ್ತಿಲು ನಮ್ಮ ಮನೆಯಲ್ಲಿ ದೊಡ್ಡ ರಾಸಾಯನಿಕ ಮಹತ್ವ ಪಡೆದಿತ್ತು. ಅದರ ಆಚೆ ವೈನು, ಈಚೆ ಅರಿಷ್ಟ. ಹೊಸ್ತಿಲು ದಾಟುವಾಗ ಪಾತ್ರೆಯೊಳಗೆ ನಿಜವಾಗಿಯೂ ಏನೋ ಬದಲಾಗುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಈ ಕಾನೂನಿಗೆ ಒಂದು ಉಪಕಲಮೂ ಇತ್ತು. ಮನೆಯ ಕೂಸುಗಳಿಗೆಲ್ಲ ಹಾಲು, ಔಷಧಿ ಕುಡಿಸಿದ ಕೊಕ್ಕಿನ ಬೆಳ್ಳಿ ಒಳಲೆಯೊಂದು ದೇವರ ಕೋಣೆಯ ಗೂಡಿನಲ್ಲಿತ್ತು. ಒಳಲೆಯಲ್ಲಿ ಕೊಟ್ಟದ್ದು ಔಷಧಿ, ಲೋಟದಲ್ಲಿ ಕುಡಿದದ್ದು ಹೆಂಡ ಎಂದು ಅಜ್ಜಿ ತೀರ್ಪು ಕೊಟ್ಟಿದ್ದಳು. ಪಾಪ, ಆ ಉಪಕಲಮನ್ನು ಬಳಸಿಕೊಳ್ಳಲು ಯಾರೂ ಮುಂದೆ ಬಂದಿರಲಿಲ್ಲ. ಅಪ್ಪ ಹೆದರುಪುಕ್ಕಲ, ಅವ್ವನಿಗೆ ವಾಸನೆಗೇ ತಲೆನೋವು, ನಾನು ಚಿಕ್ಕವಳು. ಮರದ ಪೀಪಾಯಿ ಮಾಡಿಕೊಡುತ್ತಿದ್ದ ಶಿಕಾರಿಪುರ ಪೇಟೆಯ ಖಾದರ್ ಸಾಬರು ಅಪ್ಪನ, ಅವರ ಬಾಯಲ್ಲಿ ಮಲ್ಲಣ್ಣೋರ, ಜೀವದ ಗೆಳೆಯರು. ಅವರಿಗೂ ಅದು ನಿಷಿದ್ಧ. ಅವರು ಪೀಪಾಯಿಯ ಬಿರಡೆ ತೆಗೆದು, ಮೂಗನ್ನು ತೂತಿನ ಹತ್ತಿರ ಒಯ್ದು, ಕಣ್ಣು ಮುಚ್ಚಿ, "ಆಹಾ, ನನ್ನ ಕಟ್ಟಿಗೆ ಏನ್ ಚೆನ್ನಾಗಿ ಕೂತೈತ್ರೀ!" ಎನ್ನುತ್ತಿದ್ದರು. ಒಳಗಿನ ದ್ರವದ ಬಗ್ಗೆ ಅವರ ಅಭಿಪ್ರಾಯ ಅಲ್ಲಿಗೆ ಮುಗಿಯಿತು.

ಹಾಗಾದರೆ ಒಳ್ಳೆಯದು ಕೆಟ್ಟದ್ದು ತಿಳಿಯುತ್ತಿದ್ದುದು ಹೇಗೆ? ಹಣ್ಣಿನಿಂದ. ಕೊಯ್ಲು ಹತ್ತಿರ ಬಂದಾಗ ಸಂಜೆ ನಾವೆಲ್ಲ ಜಗುಲಿಯ ಮೇಲೆ ಸಾಲಾಗಿ ಕೂತು ಒಂದೊಂದು ಹಣ್ಣು ಬಾಯಿಗೆ ಹಾಕಿಕೊಂಡು, ತಿರುಳು ನುಂಗಿ, ಬೀಜವನ್ನು ಹಲ್ಲಿನ ನಡುವೆ ಇಟ್ಟು ಕಡಿಯುತ್ತಿದ್ದೆವು. ಬೀಜ ಹಸಿರಾಗಿ ಮೆತ್ತಗಿದ್ದರೆ ಇನ್ನೂ ಕಾಯಬೇಕು. ಕಂದಾಗಿ, ಹುರಿಗಡಲೆಯ ಹಾಗೆ ಕಟಕ್ ಎಂದರೆ ಕೊಯ್ಯಬೇಕು. ಹಲ್ಲು ಗಟ್ಟಿ ಇದ್ದವಳು ನಾನೊಬ್ಬಳೇ ಆದ್ದರಿಂದ ಕೊನೆಯ ಮಾತು ನನ್ನದಾಗಿತ್ತು. ಜೀವನದಲ್ಲಿ ಅಷ್ಟು ದೊಡ್ಡ ಹುದ್ದೆ ನನಗೆ ಮತ್ತೆ ಸಿಗಲಿಲ್ಲ.

ಮನೆ ಇದ್ದದ್ದು ತೊಗರ್ಸಿಗೆ ಹೋಗುವ ದಾರಿಯಲ್ಲಿ, ಊರಿನಿಂದ ತುಸು ಹೊರಗೆ. ಪಡುವಣಕ್ಕೆ ಹೋದರೆ ಸೊರಬ, ಮೂಡಣಕ್ಕೆ ಹೋದರೆ ಬಯಲುಸೀಮೆಯ ಬಾಗಿಲು. ಮಳೆಗಾಲದಲ್ಲಿ ಸೊರಬದಿಂದ ಬರುವ ಬಸ್ಸಿನಿಂದ ಕೊಡೆ ಹಿಡಿದವರು ಇಳಿದು, ಇಲ್ಲಿ ತಲೆಗೆ ಟವೆಲು ಹಾಕಿಕೊಂಡು ನಿಂತವರನ್ನು ಕಂಡು ಪೆಚ್ಚಾಗುತ್ತಿದ್ದರು. ಮಲೆನಾಡು ಮುಗಿದು ಬಯಲು ಶುರುವಾಗುವ ಆ ಗೆರೆಯ ಮೇಲೆಯೇ ನಮ್ಮ ಮನೆ. ನಮಗಿದ್ದ ಎರಡು ಹೊಲಗಳೂ ಹಾಗೆಯೇ ಎರಡು ದೇಶದವು. ಕೆರೆಯ ಕೆಳಗಿನದು ಎರೆ ಹೊಲ, ಕಪ್ಪು ಮಣ್ಣಿನದು. ಅದು ಅಜ್ಜಿಯದು, ಅವಳ ತವರಿನಿಂದ ಅರಿಶಿನ ಕುಂಕುಮದ ಜತೆ ಬಂದದ್ದು. ಬೇಸಿಗೆಯಲ್ಲಿ ನನ್ನ ಕಾಲು ಇಳಿಯುವಷ್ಟು ಬಿರುಕು ಬಿಡುವ ಆ ಮಣ್ಣು ಮಳೆ ಬಿದ್ದ ಮೇಲೆ ಹಳೆಯ ನೆಂಟನಂತೆ ನೀರನ್ನು ಹಿಡಿದುಕೊಂಡು ಬಿಡುತ್ತಲೇ ಇರಲಿಲ್ಲ. ದ್ರಾಕ್ಷಿ ಬಳ್ಳಿ ಅಲ್ಲಿ ಎಲೆಯ ಮೇಲೆ ಎಲೆ ಹಾಕಿ, ಒಳಗೆ ಹೊಕ್ಕ ಕೋಳಿ ಸಂಜೆಯವರೆಗೂ ದಾರಿ ಹುಡುಕುವಂತೆ ಬೆಳೆಯುತ್ತಿತ್ತು. ಗೊಂಚಲು ನೋಡಿದರೆ ಗುಡಿಯ ಗಂಟೆ. ಹಣ್ಣು ಒಂದೊಂದೂ ಗುಂಡುಗುಂಡಾಗಿ, ಉಂಡು ಮಲಗಿದವರ ಹಾಗೆ.

ಇನ್ನೊಂದು ಮರಡಿ. ಮನೆಯ ಹಿಂದಿನ ಇಳಿಜಾರು. ಕೆಂಪು ಮೊರಂ ಮಣ್ಣು, ಮೇಲೆ ಚೂರುಗಲ್ಲು. ಅವ್ವ ಸೊರಬದ ಕಡೆಯವಳು. ಮದುವೆಯಾಗಿ ಬಂದ ಹೊಸದರಲ್ಲಿ ತನಗೂ ಕೈಯಾಡಿಸಲು ಒಂದು ತುಂಡು ನೆಲ ಬೇಕೆಂದು ಕೇಳಿದಾಗ, ಯಾರಿಗೂ ಬೇಡವಾಗಿದ್ದ ಮರಡಿಯನ್ನು ಅವಳ ಹೆಸರಿಗೆ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟರು. ಎರೆ ಹೊಲಕ್ಕೆ ತಂದ ಸಸಿಗಳಲ್ಲಿ ಸೊರಗಿದವನ್ನು ಅಪ್ಪ ಬದಿಗೆ ಎಸೆದಿದ್ದರು. ಅವ್ವ ಅವನ್ನು ಬುಟ್ಟಿಯಲ್ಲಿ ಆರಿಸಿಕೊಂಡು ಹೋಗಿ ಮರಡಿಯಲ್ಲಿ ಊರಿ, ಮೊದಲ ಬೇಸಿಗೆ ಪೂರ್ತಿ ಬಿಂದಿಗೆ ಹೊತ್ತು ಉಳಿಸಿಕೊಂಡಳು. ಹಾಕಿದ ನೀರು ಕಣ್ಣು ಮಿಟುಕಿಸುವುದರೊಳಗೆ ಮಾಯವಾಗುತ್ತಿತ್ತು. ಖಾದರ್ ಸಾಬರು ಒಮ್ಮೆ ನಿಂತು ನೋಡಿ ತಲೆ ಅಲ್ಲಾಡಿಸಿದರು.

"ಅಕ್ಕಾರೆ, ಈ ನೆಲಕ್ಕೆ ನೀರು ಹಾಕೋದೂ ಒಂದೇ, ನಮ್ಮ ಮಲ್ಲಣ್ಣೋರಿಗೆ ಬುದ್ಧಿ ಹೇಳೋದೂ ಒಂದೇ."

"ಕೆಳಗೆ ಹೋಗ್ತದೆ ಸಾಬ್ರೇ. ಬೇರೂ ಹಿಂದಿಂದೆ ಹೋಗ್ತದೆ," ಎಂದಳು ಅವ್ವ.

ಬೇರು ಹೋಯಿತು. ನೀರು ಹುಡುಕುತ್ತ ಎಷ್ಟು ಆಳಕ್ಕೆ ಹೋಯಿತೋ, ಮೇಲೆ ಬಳ್ಳಿ ಅಷ್ಟೇ ಜಿಪುಣವಾಯಿತು. ಎಲೆ ಕಡಿಮೆ, ಹಣ್ಣು ಸಣ್ಣದು, ಸಿಪ್ಪೆ ದಪ್ಪ. ಒಂದು ವಿಷಯ ಮಾತ್ರ ಎಲ್ಲರ ಕಣ್ಣ ಮುಂದೆಯೇ ಇತ್ತು, ಯಾರೂ ಅದನ್ನು ವಿಷಯವೆಂದು ಎಣಿಸಿರಲಿಲ್ಲ. ಎರೆ ಹೊಲದ ಹಣ್ಣು ಹಿಂಡಿದರೆ ಕೈಯ ಬಣ್ಣ ಒಂದು ಚೆಂಬು ನೀರಿಗೆ ಹೋಗುತ್ತಿತ್ತು. ಮರಡಿಯ ಹಣ್ಣು ಹಿಂಡಿದ ಕೈಯನ್ನು ನಾನು ದಿನಗಟ್ಟಲೆ ಶಾಲೆಯಲ್ಲಿ ಲಂಗದೊಳಗೆ ಬಚ್ಚಿಟ್ಟುಕೊಳ್ಳಬೇಕಾಗುತ್ತಿತ್ತು.

ಈ ಎರಡು ದೇಶಗಳ ನಡುವಿನ ರಾಯಭಾರಿ ಅಪ್ಪ. ಅಜ್ಜಿಯ ದೇಶದ ಆಹಾರ ಜೋಳದ ರೊಟ್ಟಿ. ಅವ್ವನ ದೇಶದ್ದು ಅನ್ನ. ರೊಟ್ಟಿ ಬಿಟ್ಟರೆ ತಾಯಿಗೆ ಬೇಸರ, ಅನ್ನ ಬಿಟ್ಟರೆ ಹೆಂಡತಿಗೆ ಬೇಸರ. ಆದ್ದರಿಂದ ಅಪ್ಪನ ತಟ್ಟೆಯಲ್ಲಿ ಎಡಕ್ಕೆ ರೊಟ್ಟಿ, ಬಲಕ್ಕೆ ಅನ್ನ, ನಡುವೆ ಗಡಿಕಲ್ಲಿನಂತೆ ಒಂದು ಉಂಡೆ ಶೇಂಗಾ ಚಟ್ನಿ. ಒಂದು ತುತ್ತು ಈ ಕಡೆಯದು, ಒಂದು ತುತ್ತು ಆ ಕಡೆಯದು, ಎರಡೂ ಕಡೆಯವರು ನೋಡುತ್ತಿದ್ದಾರೆಂಬ ಎಚ್ಚರದಲ್ಲಿ ಅವರು ಉಣ್ಣುತ್ತಿದ್ದರು. ಇದೇ ರಾಜನೀತಿಯನ್ನು ಅವರು ವೈನಿಗೂ ವಿಸ್ತರಿಸಿದ್ದರು. ಎರಡೂ ಹೊಲದ ಹಣ್ಣನ್ನು ಒಂದೇ ದಿನ ಕೊಯ್ಯಿಸಿ, ಒಂದೇ ತೊಟ್ಟಿಯಲ್ಲಿ ತುಳಿಸಿ, ಒಂದೇ ಪೀಪಾಯಿಗೆ ತುಂಬಿಸುತ್ತಿದ್ದರು. ಎರಡು ಪೀಪಾಯಿ ಇಟ್ಟರೆ ಯಾವುದು ಮೇಲು ಎಂಬ ಪ್ರಶ್ನೆ ಏಳುತ್ತದೆ, ಆ ಪ್ರಶ್ನೆ ಎದ್ದರೆ ಮನೆಯಲ್ಲಿ ಅವರಿಗೆ ಕೂರಲು ಜಾಗ ಇರುವುದಿಲ್ಲ.

"ಎರಡು ಮಾಡ್ಸಿ ರೀ ಮಲ್ಲಣ್ಣೋರೆ. ನನಗೂ ಕೆಲಸ ಆಗ್ತೈತಿ," ಎನ್ನುತ್ತಿದ್ದರು ಖಾದರ್ ಸಾಬರು.

"ಮನೆ ಒಂದು, ಪೀಪಾಯಿ ಒಂದು," ಎಂದು ಅಪ್ಪ ಧ್ವಜವಂದನೆಯ ದನಿಯಲ್ಲಿ ಹೇಳುತ್ತಿದ್ದರು.

ದ್ರಾಕ್ಷಿಯ ವರ್ಷ ನಮ್ಮಲ್ಲಿ ಆಯುಧಪೂಜೆಯಿಂದ ಶುರು. ಬೇಸಿಗೆಯಲ್ಲಿ ಬಳ್ಳಿ ಕತ್ತರಿಸುವುದು ಬರೀ ಮೈ ಬೆಳೆಯಲಿ ಎಂದು. ಹಣ್ಣಿಗಾಗಿ ಕತ್ತರಿಸುವುದು ಮಳೆ ಮುಗಿದ ಮೇಲೆ. ಅದಕ್ಕೆ ಚಾಟ್ನಿ ಎನ್ನುತ್ತಾರೆ. ಚಾಟ್ನಿ ಮಾಡಿದ ಕೆಲವೇ ದಿನಕ್ಕೆ ಚಿಗುರು, ಚಿಗುರಿನ ಜತೆಗೇ ಹೂವಿನ ಎಳೆ ಗೊಂಚಲು. ಆ ಎಳೆಯದರ ಮೇಲೆ ಮಳೆ ಬಿದ್ದರೆ ಎಲೆಯಡಿ ಬಿಳಿಯ ಬೂಸು ಹಿಡಿದು ಎಲ್ಲ ಕೊಳೆಯುತ್ತದೆ. ಹೆದರಿ ತಡಮಾಡಿದರೆ ಹಣ್ಣಾಗುವ ಹೊತ್ತಿಗೆ ಬಿಸಿಲು ನೆತ್ತಿಗೇರಿ, ಅಡ್ಡಮಳೆ ಬಂದು ಗೊಂಚಲು ಒಡೆಯುತ್ತದೆ. ಹೀಗೆ ವರ್ಷದ ಅನ್ನವೆಲ್ಲ ನಿಂತಿದ್ದದ್ದು ಮಳೆ ನಿಜವಾಗಿ ಹೋಯಿತೋ, ಅಥವಾ ಹೋದಂತೆ ನಟಿಸಿತೋ ಎಂಬುದರ ಮೇಲೆ. ನಮ್ಮ ಮನೆಯ ಪದ್ಧತಿ ಹೀಗಿತ್ತು: ಆಯುಧಪೂಜೆಯ ದಿನ ಚಾಟ್ನಿಯ ಎರಡು ಕತ್ತರಿಗಳನ್ನು ತೊಳೆದು, ಎಣ್ಣೆ ಹಚ್ಚಿ, ಕುಂಕುಮವಿಟ್ಟು ದೇವರ ಕೋಣೆಯಲ್ಲಿ ಇಟ್ಟರೆ, ಅವು ದೇವರವು. ಅವ್ವ ಎತ್ತಿ ಕೈಗೆ ಕೊಡುವವರೆಗೂ ಯಾರೂ ಮುಟ್ಟುವಂತಿಲ್ಲ. ಈ ಅಧಿಕಾರ ಅವ್ವನಿಗೆ ಬಂದದ್ದು ಅವಳು ಸೊರಬದವಳೆಂಬ ಒಂದೇ ಅರ್ಹತೆಯಿಂದ. ಮಳೆ ಅವಳ ತವರಿನವನು. ಅವನ ಬರುಹೋಗು ಅವಳಿಗೆ ಗೊತ್ತಿರಲೇಬೇಕು ಎಂದು ಅಪ್ಪನ ವಾದ.

ಅವ್ವನ ವಿಧಾನವೋ ಸರಳ. ಬೆಳಿಗ್ಗೆ ಎದ್ದು ಹಿತ್ತಲ ಬಾಗಿಲಲ್ಲಿ ನಿಂತು ಚಂದ್ರಗುತ್ತಿಯ ದಿಕ್ಕಿಗೆ ಒಮ್ಮೆ ನೋಡುವಳು. ಆಮೇಲೆ ಒಳಗೆ ಬಂದು ಕಲ್ಲುಪ್ಪಿನ ಮಡಕೆಯೊಳಗೆ ಕೈಹಾಕಿ ಒಂದು ಹಿಡಿ ಉಪ್ಪು ಎತ್ತಿ ಬೆರಳು ಬಿಡಿಸುವಳು. ಹರಳು ಅಂಗೈಗೆ ಅಂಟಿಕೊಂಡರೆ "ಇನ್ನೂ ಅದೆ" ಎಂದು ಕೈ ಒರೆಸಿಕೊಳ್ಳುವಳು. ಅಂಟದೆ ಸುರುಸುರು ಉದುರಿದ ದಿನ ದೇವರ ಕೋಣೆಗೆ ಹೋಗುವಳು. ಅಪ್ಪ ರೇಡಿಯೋ ಕಿವಿಗೆ ಹಚ್ಚಿಕೊಂಡು ಹವಾಮಾನ ಕೇಳುತ್ತಿದ್ದರು. ಆದರೆ ಅವರ ಕಣ್ಣು ಉಪ್ಪಿನ ಮಡಕೆಯ ಮೇಲೆಯೇ ಇರುತ್ತಿತ್ತು.

ಆ ವರ್ಷ ಮನೆಯ ಮೇಲೆ ಒಂದು ಮೋಡ ಬೇರೆ ಇತ್ತು. ನಮ್ಮ ವೈನು ಒಯ್ಯುತ್ತಿದ್ದ ದಾವಣಗೆರೆ ಕಡೆಯ ವ್ಯಾಪಾರಿಯೊಬ್ಬರು ಬೇಸಿಗೆಯಲ್ಲಿ ಬಂದಾಗ, ಕೊಟ್ಟಿಗೆಯಲ್ಲಿ ನಿಂತು ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಸೂರನ್ನೇ ನೋಡಿ, ಹೇಳಿದ್ದರು:

"ಬೇಜಾರು ಮಾಡ್ಕಬ್ಯಾಡ್ರಿ ಯಜಮಾನ್ರೆ. ಬಾಯಿಗೆ ಹಾಕಿದ ಕೂಡ್ಲೆ ಏನೋ ಹೇಳಾಕೆ ಹೊರಡತೈತಿ. ಆಮೇಲೆ ಮರ್ತುಬಿಡತೈತಿ. ಮುಂದಿನ ವರ್ಷಾನೂ ಹಿಂಗೇ ಆದ್ರೆ ನನಗೆ ಬ್ಯಾಡ."

ಅಪ್ಪನಿಗೆ ನಿದ್ದೆ ಹೋಯಿತು. ರುಚಿ ನೋಡಿ ತಪ್ಪು ಹುಡುಕುವ ದಾರಿ ನಮಗೆ ಮುಚ್ಚಿತ್ತಾದ್ದರಿಂದ ಅವರು ನೋಟದಿಂದಲೇ ವಿಚಾರಣೆ ನಡೆಸಿದರು. ಎರೆ ಹೊಲದ ಗೊಂಚಲನ್ನೂ ಮರಡಿಯ ಗೊಂಚಲನ್ನೂ ಮನಸ್ಸಿನಲ್ಲಿ ಅಕ್ಕಪಕ್ಕ ತೂಗುಹಾಕಿದರು. ಒಂದು ಗಂಟೆ, ಇನ್ನೊಂದು ಕಾಳುಮೆಣಸಿನ ತೆನೆ. ಅಪರಾಧಿ ಯಾರೆಂಬುದರಲ್ಲಿ ಸಂಶಯವೇ ಉಳಿಯಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, ಗಡಿಕಲ್ಲಿನ ಚಟ್ನಿಯನ್ನು ದಿಟ್ಟಿಸುತ್ತ ಅವರು ಹೇಳಿದರು:

"ಮರಡಿ ಬಳ್ಳಿ ಈ ಸಲದ್ದೇ ಕೊನೆ ಮಾಡಣ ಅಂತ. ಹಣ್ಣು ಕೊಯ್ದು, ಮುಂಗಾರಿಗೆ ಮುಂಚೆ ಕೀಳಿಸಿ, ಮೆಕ್ಕೆಜೋಳ ಹಾಕಣ. ಹುಳಿ ಹಣ್ಣು ಸೇರಿ ಎಲ್ಲಾ ಕೆಡ್ತೈತಿ."

ಅವ್ವ ಅನ್ನ ಬಡಿಸುತ್ತಿದ್ದಳು. ಆ ಸೌಟಿನ ಅನ್ನ ಬಲಕ್ಕೆ ಬೀಳುವ ಬದಲು ನೇರವಾಗಿ ರೊಟ್ಟಿಯ ಮೇಲೆ ಬಿತ್ತು. ನಮ್ಮ ಮನೆಯ ಇತಿಹಾಸದಲ್ಲಿ ಗಡಿ ಮೀರಿದ್ದು ಅದೇ ಮೊದಲು. ಅಪ್ಪ ಅದನ್ನು ಹಾಗೆಯೇ ಕಲಸಿ ಉಂಡರು. ಅಜ್ಜಿ ನೋಡಿಯೂ ನೋಡದವಳಂತೆ ಮಜ್ಜಿಗೆ ಕೇಳಿದಳು.

"ಹಣ್ಣು ಬರಲಿ. ಆಮೇಲೆ ನೋಡಣ," ಎಂದಷ್ಟೇ ಅವ್ವ ಒಲೆಯ ಕಡೆ ತಿರುಗಿ ಹೇಳಿದಳು. ಆ ದಿನದಿಂದ ಶಾಲೆಯಿಂದ ಬಂದವಳು ನಾನು ಅವಳನ್ನು ಹುಡುಕಬೇಕಾದರೆ ಮರಡಿಗೇ ಹೋಗಬೇಕಾಗುತ್ತಿತ್ತು. ಅವಳು ಕೆಲಸವಿದ್ದಂತೆ ನಟಿಸುತ್ತ ಬಳ್ಳಿಯ ಬುಡದ ಚೂರುಗಲ್ಲು ಆರಿಸಿ ಮತ್ತೆ ಅಲ್ಲಿಯೇ ಹಾಕುತ್ತಿದ್ದಳು.

ಆಯುಧಪೂಜೆ ಬಂತು, ಕತ್ತರಿಗಳು ಕುಂಕುಮವಿಟ್ಟುಕೊಂಡು ಒಳಗೆ ಕೂತವು. ವಿಜಯದಶಮಿಯ ಬನ್ನಿ ಹಂಚಿದ ಮಾರನೆ ದಿನ ಆಕಾಶ ತೊಳೆದಿಟ್ಟ ತಟ್ಟೆ. ಎರೆ ಹೊಲದ ಪಕ್ಕದವರೆಲ್ಲ ಜೋಳ ಬಿತ್ತುವ ಮಾತಾಡುತ್ತಿದ್ದರು. ಅಜ್ಜಿಗೆ ತಡೆಯಲಾಗಲಿಲ್ಲ. ದೇವರ ಕೋಣೆಯ ಬಾಗಿಲಲ್ಲಿ ನಿಂತು ಅವ್ವನನ್ನು ಕೇಳಿದಳು.

"ಏನವ್ವಾ ಸೊರಬದಾಕಿ, ದೇವರು ಕತ್ತರಿ ಹಿಡ್ಕಂಡು ಏನ್ ಮಾಡ್ತಾನೆ? ಕ್ಷೌರಾನ?"

"ಅತ್ತೆ, ಉಪ್ಪು ಇನ್ನೂ ಅಂಟ್ತಾ ಅದೆ."

"ಉಪ್ಪು ನಿನ್ನ ಕೈಯಾಗಿನ ಬೆವರಿಗೆ ಅಂಟತೈತಿ. ನಿಮ್ಮೂರಾಗೆ ವರ್ಷಾನುಗಟ್ಲೆ ಮಳೆ ಬಡಿತೈತಿ ಅಂತ ಇಲ್ಲೂ ಬರಬೇಕಾ? ಇದು ಶಿಕಾರಿಪುರದ ತಾಲೂಕು."

"ಮಳೆಗೆ ತಾಲೂಕು ಆಫೀಸು ಎಲ್ಲದೆ ಅಂತ ಗೊತ್ತಿಲ್ಲಲ್ಲ ಅತ್ತೆ."

"ಗೊತ್ತಿರೋರು ನಾವಿದೀವಿ. ನನ್ನ ಹೊಲದ ಕತ್ತರಿ ಕೊಡು. ನಿನ್ನ ಮರಡಿ ನೀನು ಯಾವಾಗಾರ ಮಾಡ್ಕ."

ಅವ್ವ ಒಂದು ಕತ್ತರಿ ಎತ್ತಿ, ಎರಡೂ ಕೈಯಲ್ಲಿ ಹಿಡಿದು, ಅತ್ತೆಯ ಕಾಲಿಗೆ ನಮಸ್ಕರಿಸಿ ಕೊಟ್ಟಳು. ಇನ್ನೊಂದು ಅಲ್ಲಿಯೇ ಉಳಿಯಿತು. ಪೂಜೆಯಲ್ಲಿ ಜತೆಗಿದ್ದ ಕತ್ತರಿಗಳು ಬೇರೆಯಾದದ್ದು ಅದೇ ಮೊದಲು. ಅಪ್ಪ ಇದನ್ನು ಕೇಳಿ, ತಮಗೆ ಪೇಟೆಯಲ್ಲಿ ತುರ್ತು ಕೆಲಸವಿದೆಯೆಂದು ಸೈಕಲ್ ಏರಿದರು. ಎರೆ ಹೊಲದಲ್ಲಿ ಚಾಟ್ನಿ ಆಯಿತು. ಹದವಾದ ತೇವ, ಹಿತವಾದ ಬಿಸಿಲು. ಕಣ್ಣುಗಳು ಒಡೆದು ಗುಲಾಬಿ ತುದಿಯ ಚಿಗುರು ಬಂದು, ಚಿಗುರಿನ ನಡುವೆ ಸಾಸಿವೆಯಂಥ ಗೊಂಚಲೂ ಕಾಣಿಸಿತು. ಅಜ್ಜಿ ಪ್ರತಿದಿನ ಹೊಲಕ್ಕೆ ಹೋಗಿಬಂದು ಚಿಗುರಿನ ಉದ್ದವನ್ನು ಬೆರಳಿನಲ್ಲಿ ಅಳೆದು ಊಟದ ಹೊತ್ತಿಗೆ ವರದಿ ಒಪ್ಪಿಸುತ್ತಿದ್ದಳು. ಅವ್ವ ಪ್ರತಿದಿನ ಉಪ್ಪಿಗೆ ಕೈ ಹಾಕುತ್ತಿದ್ದಳು.

ಸ್ವಾತಿ ಮಳೆ ಪಡುವಣದಿಂದ ಬಂತು. ಗುಡುಗಿಲ್ಲ, ಗದ್ದಲವಿಲ್ಲ, ತಾಲೂಕಿನ ಗಡಿಯನ್ನು ಯಾರನ್ನೂ ಕೇಳದೆ ದಾಟಿ, ಕೂತು, ಹೋಗುವ ಮಾತೇ ಆಡಲಿಲ್ಲ. ಬಿಟ್ಟ ಮೇಲೆ ಮರಡಿಗೆ ಹೋದರೆ ಚೂರುಗಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಬಹುದಿತ್ತು, ನೀರೆಲ್ಲ ಇಳಿದುಹೋಗಿತ್ತು. ಎರೆ ಹೊಲಕ್ಕೆ ಕಾಲಿಟ್ಟರೆ ಮಣ್ಣು ಹಿಮ್ಮಡಿ ಹಿಡಿದು ಬಿಡುತ್ತಿರಲಿಲ್ಲ. ಖಾದರ್ ಸಾಬರ ಚಪ್ಪಲಿ ಒಂದು ಅಲ್ಲಿ ಶಾಶ್ವತವಾಗಿ ಉಳಿಯಿತು. ಚಿಗುರಿನ ಕೆಳಗೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಬೂಸು. ಸಾಸಿವೆ ಗೊಂಚಲು ಕಪ್ಪಾಗಿ ಉದುರಿತು. ಅಜ್ಜಿ ಬದುವಿನ ಮೇಲೆ ನಿಂತು ನೋಡಿದಳು. ಮನೆಗೆ ಬಂದು ಕಾಲು ತೊಳೆದುಕೊಂಡಳು. ಅವ್ವ ಬಿಸಿನೀರು ಹಾಕಿದಳು, ಮಾತಾಡಲಿಲ್ಲ. ಇದು ಅವ್ವನ ದೊಡ್ಡ ಗುಣವೆಂದು ಆಗ ಅಂದುಕೊಂಡಿದ್ದೆ. ಆ ಮಾತಾಡದಿರುವುದನ್ನು ಅವಳು ತುಂಬ ಸವಿದು ಅನುಭವಿಸುತ್ತಿದ್ದಳೆಂದು ಈಗ ಅನ್ನಿಸುತ್ತದೆ.

ಒಂದು ಬೆಳಿಗ್ಗೆ ಉಪ್ಪು ಸುರುಸುರು ಉದುರಿತು. ಅವ್ವ ಎರಡನೆಯ ಕತ್ತರಿ ಎತ್ತಿದಳು, ಮರಡಿಯ ಚಾಟ್ನಿ ಆಯಿತು. ಎರೆ ಹೊಲವನ್ನು ಎರಡನೆಯ ಸಲ ಕತ್ತರಿಸಬೇಕಾಗಿತ್ತು, ಆದರೆ ಆ ಮಣ್ಣು ಆಳುಗಳನ್ನು ಒಳಗೆ ಬಿಟ್ಟುಕೊಳ್ಳುವ ಹೊತ್ತಿಗೆ ಮರಡಿಯಲ್ಲಿ ಚಿಗುರು ಬಂದಾಗಿತ್ತು, ಅಲ್ಲಿಯ ಎರಡನೆಯ ಚಾಟ್ನಿ ಅಷ್ಟು ತಡವಾಗಿ ಆಯಿತು. ಆಮೇಲೆ ಚಳಿಗಾಲ ನಮ್ಮ ಮೇಲೆ ಕರುಣೆಯಿಟ್ಟಿತು. ಬೆಳಗಿನ ಮಂಜು ಬೇಗ ಕರಗುತ್ತಿತ್ತು, ಹಗಲು ಬಿಸಿಲು, ಇರುಳು ಕಂಬಳಿಯ ಚಳಿ. ಹಗಲು ಸಿಹಿ ಮಾಡುತ್ತದೆ, ಚಳಿ ಅದನ್ನು ಸೋರದಂತೆ ಕಟ್ಟಿ ಹಾಕುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಶಿವರಾತ್ರಿ ಕಳೆದ ಮೇಲೆ ಜಗುಲಿಯ ಸಭೆ ಕೂತಿತು. ಮರಡಿಯ ಬೀಜ ನನ್ನ ಹಲ್ಲಿನಲ್ಲಿ ಕಟಕ್ ಎಂದಿತು. ಎರೆ ಹೊಲದ ಬೀಜ ಇನ್ನೂ ಹಸಿರು, ಮೆತ್ತಗೆ.

"ಇನ್ನೊಂದೀಟು ಕಾಯಣ. ಎರಡೂ ಒಟ್ಟಿಗೇ ಕೊಯ್ಯಣ," ಎಂದರು ಅಪ್ಪ, ಹಳೆಯ ರಾಜನೀತಿಯಂತೆ.

"ಮರಡಿ ಹಣ್ಣು ಕಾಯದಿಲ್ಲ. ಹಕ್ಕಿ ಆಗಲೇ ಬರ್ತಾ ಅದಾವೆ," ಎಂದಳು ಅವ್ವ. ಅಪ್ಪನಿಗೆ ಹಕ್ಕಿಗಳನ್ನು ಒಪ್ಪಿಸಲು ಸಾಧ್ಯವಿಲ್ಲದ್ದರಿಂದ ಮರಡಿಯ ಹಣ್ಣನ್ನು ಕೊಯ್ದು, ತುಳಿದು, ಪೀಪಾಯಿಗೆ ಹಾಕಿದ್ದಾಯಿತು. ಪೀಪಾಯಿ ಅರ್ಧಕ್ಕಿಂತ ಮೇಲೆ ತುಂಬಿತು. ಉಳಿದ ಜಾಗ ಅಜ್ಜಿಯದೆಂದು ಅಪ್ಪ ಮೀಸಲಿಟ್ಟರು. ಆದರೆ ಎರೆ ಹೊಲ ಹಣ್ಣಾಗುವ ಹೊತ್ತಿಗೆ ಪೀಪಾಯಿಯ ಒಳಗಿನ ಕುದಿ ಇಳಿದು, ರಸ ಶಾಂತವಾಗಿತ್ತು. ಅಪ್ಪ ಹೊಸ ರಸದ ಕೊಡ ಹೊತ್ತು ಬಂದಾಗ ಖಾದರ್ ಸಾಬರು ಪೀಪಾಯಿಯ ಮೇಲೆ ಎರಡೂ ಕೈ ಚಾಚಿ ಅಡ್ಡ ನಿಂತರು.

"ಮಲ್ಲಣ್ಣೋರೆ, ಮಲಗಿದ್ದನ್ನ ಎಬ್ಬಿಸಬ್ಯಾಡ್ರಿ. ಹೊಸದು ಹಾಕಿದ್ರೆ ಮತ್ತೆ ಕುದಿತೈತಿ, ನನ್ನ ಪೀಪಾಯಿ ಒಡಿತೈತಿ. ನಿಮ್ಮ ಮನೆ ಒಂದಿರಲಿ. ಪೀಪಾಯಿ ಎರಡಾಗಲಿ."

ಹೀಗೆ, ಅಪ್ಪನ ಧೈರ್ಯಕ್ಕೆ ಮಾಡಲಾಗದ್ದನ್ನು ಒಂದು ಮಳೆ ಮತ್ತು ಒಂದು ಮಣ್ಣು ಸೇರಿ ಮಾಡಿದವು. ಖಾದರ್ ಸಾಬರು ತಂದ ಸಣ್ಣ ಪೀಪಾಯಿಯಲ್ಲಿ ಅಜ್ಜಿಯ ಹೊಲ, ದೊಡ್ಡದರಲ್ಲಿ ಅವ್ವನ ಮರಡಿ, ಅಕ್ಕಪಕ್ಕ ಕೂತು ಬೇಸಿಗೆ ಕಳೆದವು. ಅಪ್ಪ ಕೊಟ್ಟಿಗೆಗೆ ಹೋಗುವುದನ್ನೇ ಕಡಿಮೆ ಮಾಡಿದರು. ಅವ್ವ ಮಾತ್ರ ದಿನವೂ ಹೋಗಿ ಎರಡೂ ಪೀಪಾಯಿಗಳ ಮೇಲಿನ ಧೂಳನ್ನು ಒಂದೇ ಬಟ್ಟೆಯಿಂದ ಒರೆಸಿ ಬರುತ್ತಿದ್ದಳು.

ವ್ಯಾಪಾರಿ ಬರಲಿಲ್ಲ. ಮುಂಗಾರಿನ ಮೋಡ ಕಾಣಿಸತೊಡಗಿತು. ಅಪ್ಪ ಮಾತಿನಂತೆ ಟ್ರ್ಯಾಕ್ಟರಿನವನಿಗೆ ಹೇಳಿದ್ದರು. ಬೆಳಗಾದರೆ ಅವನು ಬಂದು ಮರಡಿಯ ಬಳ್ಳಿಗೆ ಸರಪಳಿ ಕಟ್ಟುವವನಿದ್ದ. ಆ ಮಧ್ಯಾಹ್ನ ಊಟವಾಗಿ ಎಲ್ಲರೂ ಪಡಸಾಲೆಯಲ್ಲಿದ್ದೆವು, ಖಾದರ್ ಸಾಬರೂ ಇದ್ದರು. ಅವ್ವ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಕೀಳದಾದ್ರೆ ಕೀಳ್ರಿ. ನಾನು ಬ್ಯಾಡ ಅನ್ನದಿಲ್ಲ. ಆದ್ರೆ ಈ ವರ್ಷ ಎರಡೂ ಬೇರೆ ಬೇರೆ ಕೂತಾವೆ. ಯಾರಾದ್ರೂ ಒಬ್ರು ರುಚಿ ನೋಡಿ ಕೀಳ್ರಿ. ನೋಡದೆ ಕಿತ್ರೆ ನನಗೆ ಸರಿ ಕಾಣದಿಲ್ಲ."

ಅಪ್ಪ ಖಾದರ್ ಸಾಬರನ್ನು ನೋಡಿದರು. ಖಾದರ್ ಸಾಬರು ಸೂರು ನೋಡಿದರು. ಊರಿನಲ್ಲಿ ಕುಡಿಯುವವರಿಗೇನೂ ಬರವಿರಲಿಲ್ಲ. ಹಿಂದೊಮ್ಮೆ ಅಂಥ ಒಬ್ಬನನ್ನು ಕರೆಸಿ ಪರೀಕ್ಷೆಗೆ ಕೂರಿಸಿದಾಗ, ಹುಳಿತು ವಿನೆಗರ್ ಆಗಿದ್ದ ಜಾಡಿಯನ್ನೂ ಅವನು ಬಹಳ ಚೆನ್ನಾಗಿದೆಯೆಂದು ಖಾಲಿ ಮಾಡಿದ್ದ. ಅವರಿಂದ ನ್ಯಾಯ ಸಿಗುವುದಿರಲಿಲ್ಲ. ಆಗ ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಅಜ್ಜಿ ತನ್ನ ಮೊಣಕಾಲನ್ನು ನಿಧಾನವಾಗಿ ತಿಕ್ಕಿಕೊಂಡಳು.

"ಎರಡು ದಿನದಿಂದ ಈ ಕಾಲು ಭಾಳ ನೋಯ್ತೈತಿ. ಕೂಸೇ, ದೇವರ ಕೋಣೆಯಾಗಿನ ಒಳಲೆ ತಗಂಬಾ."

ನಾನು ಓಡಿದೆ. ಅಪ್ಪ ಎರಡು ಗಿಂಡಿಗಳಲ್ಲಿ ಎರಡನ್ನೂ ತಂದರು. ಹೊಸ್ತಿಲು ದಾಟಿದಾಗ ಅವು ಅರಿಷ್ಟವಾದವು. ಅಜ್ಜಿ ಸೆರಗು ಹೊದ್ದು, ಪೂರ್ವಕ್ಕೆ ಮುಖ ಮಾಡಿ, ಕೊರಳಿನ ಲಿಂಗವನ್ನು ಸೆರಗಿನೊಳಗೆ ಸರಿಸಿಕೊಂಡು, ಮೊದಲು ತನ್ನ ಹೊಲದ್ದನ್ನು ಕೇಳಿದಳು. ಗೆಲ್ಲುವವರ ಮುಖವಿತ್ತು ಅವಳದು. ಒಳಲೆಯ ಕೊಕ್ಕನ್ನು ತುಟಿಗೆ ಮುಟ್ಟಿಸದೆ ಎತ್ತರದಿಂದ ಬಿಟ್ಟುಕೊಂಡಳು. ನುಂಗಿದಳು. ಕಾದಳು. ಇನ್ನೂ ಏನೋ ಬರುವುದಿದೆಯೆಂಬಂತೆ ಕಾದಳು. ಬರಲಿಲ್ಲವೆಂದು ಕಾಣುತ್ತದೆ. ಬಾಯಿ ಮುಕ್ಕಳಿಸಿ ಮರಡಿಯದನ್ನು ಕೇಳಿದಳು. ಅದು ಒಳಲೆಯಲ್ಲಿ ಬಹುತೇಕ ಕಪ್ಪಾಗಿ ಕಾಣುತ್ತಿತ್ತು. ಬಿಟ್ಟುಕೊಂಡಳು. ಅವಳ ಹುಬ್ಬು ಮೇಲೆ ಹೋಯಿತು, ಅಲ್ಲಿಯೇ ನಿಂತಿತು.

"ಯಾವುದವ್ವಾ ಚಲೋ ಐತಿ?" ಅಪ್ಪ ಗಿಂಡಿ ಹಿಡಿದೇ ತಮ್ಮ ತಾಯಿಯನ್ನು ಕೇಳಿದರು, ಅವರ ರಾಯಭಾರ ಅಲ್ಲಿಗೆ ಮುಗಿಯಲಿತ್ತು.

"ತಡಿ. ಔಷಧಿ ಅಂದ್ರೆ ಒಳಗೆ ಇಳಿಬೇಕು. ಇನ್ನೊಂದೀಟು ಹಾಕು."

"ಯಾವುದು ಹಾಕ್ಲಿ?"

"ಅದೇ. ಆ ಕರೇದು."

ಅಪ್ಪ ಹಾಕಿದರು. ಅಜ್ಜಿ ಎರಡನೆಯ ಒಳಲೆಯನ್ನು ಮೊದಲಿನದಕ್ಕಿಂತ ನಿಧಾನವಾಗಿ ಮುಗಿಸಿ, ಖಾಲಿ ಒಳಲೆಯನ್ನು ಮಗ್ಗುಲು ಮಾಡಿ ಕೊನೆಯ ಹನಿಗೂ ಕಾದು, ಸೆರಗಿನಿಂದ ಒರೆಸಿ ತೊಡೆಯ ಮೇಲಿಟ್ಟುಕೊಂಡಳು. ಅವಳು ತನ್ನ ತವರಿನ ಹೊಲದ ವಿರುದ್ಧ ತೀರ್ಪು ಕೊಡಲಿದ್ದಳು. ತವರನ್ನು ಬಿಟ್ಟುಕೊಡದ ಹಾಗೆ ಅದನ್ನು ಹೇಗೆ ಹೇಳುವುದೆಂದು ಯೋಚಿಸುತ್ತಿದ್ದಳೆಂದು ಕಾಣುತ್ತದೆ.

"ಮಲ್ಲಾ, ನನ್ನ ಹೊಲ ಜೋಳದ ಹೊಲ. ನನ್ನಪ್ಪ ಜೋಳ ಬೆಳೀಲಿ ಅಂತ ಕೊಟ್ಟಿದ್ದ. ನೀನು ಅದಕ್ಕೆ ಬಳ್ಳಿ ಹಚ್ಚಿ ಅದರ ಮರ್ಯಾದೆ ಕಳದೆ. ಟ್ರ್ಯಾಕ್ಟ್ರು ಹೆಂಗೂ ಬರತೈತಲ್ಲ, ಅಲ್ಲಿಗೆ ಕಳಿಸು. ಹಿಂಗಾರಿಗೆ ಜೋಳ ಹಾಕಣ. ಮರಡಿ ಕಡೆ ಅದರ ಗಾಲಿ ತಿರುಗಿದ್ರೆ ನೋಡು ಮತ್ತೆ."

ಖಾದರ್ ಸಾಬರು ತೊಡೆ ತಟ್ಟಿ ನಕ್ಕರು. ಅಪ್ಪ ನಗಬೇಕೋ ಬೇಡವೋ ತಿಳಿಯದೆ ಇಬ್ಬರ ಮುಖವನ್ನೂ ನೋಡಿದರು. ಅಜ್ಜಿ ಒಳಲೆಯನ್ನು ಮತ್ತೆ ತುಂಬಿಸಿ ಅವ್ವನ ಕಡೆ ಚಾಚಿದಳು.

"ಬಾ ಇಲ್ಲಿ ಸೊರಬದಾಕಿ. ಬೆಳೆದಾಕಿ ನೀನು. ನೀನೂ ಹೇಳು."

ಅವ್ವ ಬಂದು ನೆಲಕ್ಕೆ ಕೂತಳು. ಅಜ್ಜಿ, ಕೂಸುಗಳಾಗಿದ್ದಾಗ ನನಗೂ ಅಪ್ಪನಿಗೂ ಕುಡಿಸಿದ ಹಾಗೆಯೇ, ಒಂದು ಕೈಯಲ್ಲಿ ಗದ್ದ ಹಿಡಿದು ಇನ್ನೊಂದು ಕೈಯಿಂದ ಒಳಲೆಯನ್ನು ಅವಳ ಬಾಯಿಗೆ ಬಗ್ಗಿಸಿದಳು. ಅವ್ವ ಕಣ್ಣು ಮುಚ್ಚಿದಳು. ಒಗರಿಗೆ ಮುಖ ಕಿವಿಚಿ, ಆಮೇಲೆ ಸಡಿಲಿಸಿ, ಬಹಳ ಹೊತ್ತಿಗೆ ಕಣ್ಣು ಬಿಟ್ಟಳು.

"ಅಡ್ಡಿಲ್ಲ," ಎಂದಳು.

ಸೊರಬದ ಕಡೆಯವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನಾನು ಹುಟ್ಟಿದಾಗಲೂ ನನ್ನನ್ನು ನೋಡಿ ಅವಳು ಅಷ್ಟೇ ಹೇಳಿದ್ದಳಂತೆ.

ವ್ಯಾಪಾರಿ ಮಳೆ ಹಿಡಿದ ಮೇಲೆ ಬಂದರು, ರುಚಿ ನೋಡಿದರು, ಇದು ಹೇಳಲು ಹೊರಟದ್ದನ್ನು ಪೂರ್ತಿ ಹೇಳುತ್ತದೆ ಎಂದರು. ಅಷ್ಟು ಹೊತ್ತಿಗೆ ತೀರ್ಪು ಜಾರಿಯಾಗಿಬಿಟ್ಟಿದ್ದರಿಂದ ಅವರ ಮಾತನ್ನು ಮನೆಯಲ್ಲಿ ಯಾರೂ ವಿಶೇಷವಾಗಿ ಗಮನಿಸಲಿಲ್ಲ. ಎರೆ ಹೊಲದಲ್ಲಿ ಜೋಳ ಬಂತು. ಬಿಳಿಯ, ಬಿಗಿಯಾದ ತೆನೆ. ಅಪ್ಪನ ತಟ್ಟೆಯ ಎಡಕ್ಕೆ ಆ ಹೊಲದ ರೊಟ್ಟಿಯೇ ಬೀಳತೊಡಗಿತು, ಬಲಕ್ಕೆ ಅನ್ನ ಹಾಗೆಯೇ ಉಳಿಯಿತು. ಗಡಿಕಲ್ಲಿನ ಚಟ್ನಿಯನ್ನು ಮಾತ್ರ ಅವರು ಧೈರ್ಯವಾಗಿ ಎರಡೂ ಕಡೆಗೆ ಹಚ್ಚಿಕೊಳ್ಳಲು ಶುರುಮಾಡಿದರು. ಅಜ್ಜಿಯ ಮೊಣಕಾಲು ನೋವು ಅಂದಿನಿಂದ ಪ್ರತಿವರ್ಷ ಪೀಪಾಯಿ ತೆರೆಯುವ ವಾರಕ್ಕೆ ಸರಿಯಾಗಿ ಬಂದು, ಪೀಪಾಯಿ ಮುಚ್ಚಿದ ಮೇಲೆ ವಾಸಿಯಾಗುತ್ತಿತ್ತು. ಆ ನೋವಿಗೆ ಅವಳು ಬೇರೆ ಯಾವ ಔಷಧಿಯನ್ನೂ ಒಪ್ಪಲಿಲ್ಲ.

ಈಗ ವೈನರಿ ನೋಡಿಕೊಳ್ಳುವವಳು ನಾನು. ಮರಡಿಗೆ ಹನಿ ನೀರಿನ ಪೈಪು ಬಂದಿದೆ, ಪೀಪಾಯಿಗಳು ಹೆಚ್ಚಾಗಿವೆ, ಮಳೆಯ ಸುದ್ದಿ ಮೊಬೈಲಿನಲ್ಲಿ ಬರುತ್ತದೆ. ಅದನ್ನು ನೋಡಿಯೇ ನಾನು ಉಪ್ಪಿನ ಮಡಕೆಗೆ ಕೈಹಾಕುವುದು. ಬಳ್ಳಿಗಾವಿಯ ಗುಡಿ ನೋಡಲು ಬಂದವರು ದಾರಿ ವಿಚಾರಿಸಿಕೊಂಡು ನಮ್ಮಲ್ಲಿಗೂ ಬರುತ್ತಾರೆ, ಉದ್ದ ಕಾಲಿನ ಗಾಜಿನ ಲೋಟ ಎಲ್ಲಿ ಎಂದು ಸುತ್ತ ನೋಡುತ್ತಾರೆ. ಲೋಟ ಇಲ್ಲ. ದೊಡ್ಡ ಪೀಪಾಯಿಯ ಪಕ್ಕದ ಮೊಳೆಯಿಂದ ಒಳಲೆ ತೆಗೆದು, ತುಂಬಿ, ಕೈಗೆ ಕೊಡುತ್ತೇನೆ. ಅವರು ನುಂಗಿ, ಸೂರು ನೋಡಿ, ಮಣ್ಣು, ಹವೆ, ಓಕ್ ಮರ, ಇನ್ನೂ ಏನೇನೋ ಹೇಳಲು ಬಾಯಿ ತೆರೆಯುತ್ತಾರೆ. ನಾನು ಕೈ ಅಡ್ಡ ಮಾಡಿ ತಡೆಯುತ್ತೇನೆ. ಎರಡನೆಯ ಒಳಲೆ ಕೇಳುವವರೆಗೆ ನಮ್ಮ ಮನೆಯಲ್ಲಿ ಯಾರ ಅಭಿಪ್ರಾಯವನ್ನೂ ಕೇಳುವ ಪದ್ಧತಿ ಇಲ್ಲ.